ಗಾಣದ ಸುತ್ತು ಎಣಿಸುವವರಿಗೆ ಕೆಲವು ಕಿವಿಮಾತು

ಬಂಡೂರು ಎಂದರೆ ಹೊರಗಿನವರಿಗೆ ಕುರಿ ನೆನಪಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಎಂಜಿನಿಯರಿಂಗ್ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಮಾತ್ರ ಇಲ್ಲಿನ ಕಬ್ಬು, ಆಲೆಮನೆಗಳೂ ನೆನಪಿರಲಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಶಾಫ್ಟಿನ ವೇಗ ಅಳೆಯಬೇಕೆಂದಿದ್ದರೆ ಕಬ್ಬಿನ ಗಾಣದಂಥ ಪರೀಕ್ಷಕ ಇನ್ನೊಬ್ಬನಿಲ್ಲ. ಧೂಳು, ಜಿಗುಟು ರಸ, ಅದುರು ಎಲ್ಲ ಒಂದೇ ಕಡೆ ಸಿಗುತ್ತವೆ.

• ಮೊದಲು ಪ್ರಶ್ನೆ, ಆಮೇಲೆ ಸೆನ್ಸರ್. ಆಲೆಮನೆಯವರಿಗೆ ಬೇಕಿರುವುದು ಆರ್‌ಪಿಎಂ ಅಲ್ಲ. ಕಬ್ಬು ಹೆಚ್ಚು ಕೊಟ್ಟಾಗ ಬೆಲ್ಟ್ ಜಾರುತ್ತಿದೆಯೇ ಎಂಬುದು. ಆದ್ದರಿಂದ ಮೋಟಾರಿಗೊಂದು, ರೋಲರಿಗೊಂದು ಸೆನ್ಸರ್ ಇಡಿ. ಗಾಣ ಖಾಲಿ ತಿರುಗುವಾಗ ಎರಡರ ಅನುಪಾತ ಬರೆದುಕೊಳ್ಳಿ. ಕಬ್ಬು ಬಿದ್ದಾಗ ಮೋಟಾರು ಓಡುತ್ತಲೇ ಇದ್ದು ರೋಲರ್ ಮಾತ್ರ ಕುಗ್ಗಿದರೆ ಬೆಲ್ಟ್ ಜಾರಿದೆ. ಎರಡೂ ಒಂದೇ ಅನುಪಾತದಲ್ಲಿ ಕುಗ್ಗಿದರೆ ಮೋಟಾರೇ ಏದುಸಿರು ಬಿಡುತ್ತಿದೆ. ವೋಲ್ಟೇಜ್ ನೋಡಿ, ಇಲ್ಲವೇ ಕಬ್ಬು ಕಡಿಮೆ ಕೊಡಿ.

• ಮೋಟಾರಿನ ಮೇಲಿನ ತಗಡು ಓದಿ. 50 ಹರ್ಟ್ಸ್ ಕರೆಂಟಿನಲ್ಲಿ ನಾಲ್ಕು ಪೋಲಿನ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಭಾರ ಹೊತ್ತ ಶಾಫ್ಟ್ 1440ರ ಆಸುಪಾಸು. ನಿಮ್ಮ ಪರದೆ 1600 ತೋರಿಸಿದರೆ ತಪ್ಪು ನಿಮ್ಮ ಎಣಿಕೆಯದು. ಸುತ್ತಿಗೂ ಹರ್ಟ್ಸಿಗೂ ಇರುವ ಈ ನಂಟು ಜನರೇಟರಿಗೂ ಉಂಟು. 1902ರಿಂದ ಕರೆಂಟು ಕೊಡುತ್ತಿರುವ ಶಿವನಸಮುದ್ರ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ಅನುಮತಿ ಸಿಕ್ಕರೆ ಹೋಗಿ ನೋಡಿ ಬನ್ನಿ.

• ಐಆರ್ ಸೆನ್ಸರ್ ಅಗ್ಗವೆಂದು ತರಬೇಡಿ. ರಚ್ಚಿನ ಧೂಳು, ರಸದ ಹನಿ ಅದರ ಕಣ್ಣು ಮುಚ್ಚುತ್ತವೆ; ಬಿಸಿಲು ಅದನ್ನು ಮೋಸಗೊಳಿಸುತ್ತದೆ. ಮೋಟಾರಿಗೆ ಹಾಲ್ ಸೆನ್ಸರ್ ಮತ್ತು ಪುಟ್ಟ ಆಯಸ್ಕಾಂತ, ರೋಲರ್ ಕಡೆಗೆ ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್ ಸಾಕು. ಇಂಡಕ್ಟಿವ್ ಸೆನ್ಸರ್ ಲೋಹವನ್ನಷ್ಟೇ ಗುರುತಿಸುತ್ತದೆ, ಗ್ರೀಸಿಗೆ ಜಗ್ಗುವುದಿಲ್ಲ. ಗಾಣದ ಹಲ್ಲುಗಾಲಿಯ ಹಲ್ಲುಗಳನ್ನೇ ಎಣಿಸಬಹುದು, ಏನನ್ನೂ ಅಂಟಿಸಬೇಕಾಗಿಲ್ಲ.

• ವೈರು ಜೋಡಿಸುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಎ3144 ಹಾಲ್ ಸೆನ್ಸರಿನ ಔಟ್‌ಪುಟ್‌ಗೆ 10 ಕಿಲೋ ಓಮ್ ಪುಲ್-ಅಪ್ ಬೇಕು. ಅದು ಆಯಸ್ಕಾಂತದ ಒಂದು ಮುಖಕ್ಕಷ್ಟೇ ಓಗೊಡುತ್ತದೆ. ಅಂಟಿಸುವ ಮೊದಲೇ ಎರಡೂ ಮುಖ ಹಿಡಿದು ನೋಡಿ. ಪ್ರಾಕ್ಸಿಮಿಟಿ ಸೆನ್ಸರಿಗೆ 12 ವೋಲ್ಟ್ ಕೊಟ್ಟು, ಅದರ ಸಿಗ್ನಲ್ ವೈರನ್ನು ನೇರವಾಗಿ ಆರ್ಡುಯಿನೊಗೆ ಚುಚ್ಚಿದರೆ ಪಿನ್ ಸುಟ್ಟೀತು. ನಡುವೆ ಆಪ್ಟೊಕಪ್ಲರ್ ಇರಲಿ.

• ನಿಧಾನದ ಶಾಫ್ಟಿಗೆ ಪಲ್ಸ್ ಎಣಿಸಬೇಡಿ, ಕಾಲ ಅಳೆಯಿರಿ. ರೋಲರ್ ನಿಮಿಷಕ್ಕೆ 12 ಸುತ್ತು ಎಂದಿಟ್ಟುಕೊಳ್ಳಿ. ಸುತ್ತಿಗೊಂದು ಗುರುತಿದ್ದರೆ ಪಲ್ಸ್ ಬರುವುದು 5 ಸೆಕೆಂಡಿಗೊಮ್ಮೆ. ಸೆಕೆಂಡಿಗೊಮ್ಮೆ ಎಣಿಸಿ 60ರಿಂದ ಗುಣಿಸುತ್ತ ಕುಳಿತರೆ ಪರದೆಯಲ್ಲಿ ಒಮ್ಮೆ 60, ನಾಲ್ಕು ಸಲ ಸೊನ್ನೆ. ಆರು ಗುರುತು ಹಾಕಿ, ಎರಡು ಪಲ್ಸ್‌ಗಳ ನಡುವಿನ ಕಾಲ ಹಿಡಿದರೆ ಸುಮಾರು 833 ಮಿಲಿಸೆಕೆಂಡ್ ಸಿಗುತ್ತದೆ. ಕೈಯಲ್ಲಿ ಹಾಕಿದ ಗುರುತುಗಳ ಅಂತರ ಸಮವಿರುವುದಿಲ್ಲ. ಆದ್ದರಿಂದ ಕೊನೆಯ ಆರು ಅಂತರಗಳನ್ನು ಕೂಡಿಸಿ ಪೂರ್ತಿ ಸುತ್ತಿನ ಕಾಲದಿಂದಲೇ ಲೆಕ್ಕ ಹಾಕಿ.

• ನಿಂತ ಗಾಣ ನಿಂತಿದೆ ಎಂದೇ ತೋರಿಸಬೇಕು. ಕಾಲ ಅಳೆಯುವ ಪ್ರೋಗ್ರಾಂ ಮುಂದಿನ ಪಲ್ಸ್‌ಗೆ ಕಾಯುತ್ತ, ಕರೆಂಟು ಹೋದ ಮೇಲೂ ಹಳೆಯ ಸಂಖ್ಯೆಯನ್ನೇ ಹಿಡಿದಿರುತ್ತದೆ. ಇಷ್ಟು ಹೊತ್ತು ಪಲ್ಸ್ ಬರದಿದ್ದರೆ ಸೊನ್ನೆ ಎಂಬ ಸಾಲು ಸೇರಿಸಿ.

• ಇಂಟರಪ್ಟಿನೊಳಗೆ ಹರಟೆ ಬೇಡ. ಕಾಲ ಬರೆದುಕೊಂಡು ಹೊರಬರಲಿ. ಪರದೆಗೆ ಬರೆಯುವುದು ಹೊರಗಿನ ಕೆಲಸ. ಆರ್ಡುಯಿನೊ ಊನೊದಲ್ಲಿ 2 ಮತ್ತು 3ನೇ ಪಿನ್ ಇದಕ್ಕೇ ಇವೆ, ನಿಮ್ಮ ಎರಡು ಶಾಫ್ಟಿಗೆ ಸರಿಹೋದವು. ಅಸಾಧ್ಯವೆನಿಸುವಷ್ಟು ಬೇಗ ಬಂದ ಪಲ್ಸ್ ಗದ್ದಲದ್ದು, ಬಿಟ್ಟುಬಿಡಿ. ಸೆನ್ಸರ್ ವೈರನ್ನು ಮೋಟಾರಿನ ಕೇಬಲ್ ಜೊತೆ ಕಟ್ಟದಿದ್ದರೆ ಅರ್ಧ ಗದ್ದಲ ತಾನೇ ಅಡಗುತ್ತದೆ.

• ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳದೆ ಗಾಣದ ಹತ್ತಿರ ಕೈ ಒಯ್ಯಬೇಡಿ. ರೋಲರ್ ಬೆರಳು, ಕಬ್ಬು ಎಂದು ಬೇರೆ ಮಾಡಿ ನೋಡುವುದಿಲ್ಲ. ಟವೆಲ್, ದುಪಟ್ಟಾ, ಐಡಿ ಕಾರ್ಡಿನ ದಾರ ಹೊರಗಿಟ್ಟು ಬನ್ನಿ. ಮೋಟಾರಿನ ಶಾಫ್ಟಿಗೆ ಬರೀ ಅಂಟು ನಂಬಬೇಡಿ, ಆಯಸ್ಕಾಂತದ ಮೇಲೊಂದು ಪಟ್ಟಿ ಬಿಗಿಯಿರಿ; ಎದುರು ಬದಿಗೆ ಅಷ್ಟೇ ತೂಕ ಕೊಡಿ, ಇಲ್ಲದಿದ್ದರೆ ಶಾಫ್ಟ್ ಅದುರುತ್ತದೆ.

• ಟ್ಯಾಕೋಮೀಟರಿನೊಂದಿಗೆ ಹೋಲಿಸಿ. ಲ್ಯಾಬಿನಿಂದ ಒಂದನ್ನು ಕೇಳಿ ತಂದು ಖಾಲಿ ಗಾಣ, ಅರ್ಧ ಕಬ್ಬು, ತುಂಬ ಕಬ್ಬು, ಮೂರರಲ್ಲೂ ನಿಮ್ಮ ಅಂಕಿಯ ಪಕ್ಕ ಅದರ ಅಂಕಿ ಬರೆಯಿರಿ. ರೋಲರಿಗೆ ಗಡಿಯಾರ, ಸೀಮೆಸುಣ್ಣದ ಗೆರೆಯೇ ಸಾಕು. ವೈವಾದಲ್ಲಿ ‘ಇದು ಸರಿ ಎಂದು ಹೇಗೆ ಗೊತ್ತು?’ ಎಂದು ಕೇಳಿದಾಗ ಈ ಪಟ್ಟಿಯೇ ಉತ್ತರ.

• ಹಣಕ್ಕೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಯ ಬಗ್ಗೆ ಕಾಲೇಜಿನಲ್ಲಿ ವಿಚಾರಿಸಿ. ಊರಿನ ನಿಜವಾದ ತೊಂದರೆಯೊಂದನ್ನು ಅರ್ಜಿಯಲ್ಲಿ ನೇರವಾಗಿ ಬರೆಯಿರಿ.

• ಪರದೆಯಲ್ಲಿ 11.87 ಎಂದು ತೋರಿಸಿ ಬೀಗಬೇಡಿ. ಕಬ್ಬು ಕೊಡುವವರ ಎರಡೂ ಕೈಗೆ ಬಿಡುವಿರುವುದಿಲ್ಲ, ಕಣ್ಣು ಇರುವುದು ಕಬ್ಬಿನ ಮೇಲೆ. ಅವರಿಗೆ ಕಾಣುವ ಕಡೆ ಒಂದು ಕೆಂಪು ದೀಪ ಇಡಿ. ಬೆಲ್ಟ್ ಜಾರಿದಾಗ ಹತ್ತಿಕೊಳ್ಳಲಿ. ಅದನ್ನು ನೋಡಿ ಅವರು ಕಬ್ಬು ಕೊಡುವುದನ್ನು ಒಂದು ಗಳಿಗೆ ತಡೆದರೆ ನಿಮ್ಮ ಪ್ರಾಜೆಕ್ಟ್ ಪಾಸಾಯಿತು.