‘ಅಬ್ಯೂಸ್’: ಒಂದೇ ಪದ, ಹಲವು ಅರ್ಥ

1. ಅಧಿಕಾರದ ಜೊತೆ ಬಂದರೆ ದುರ್ಬಳಕೆ, ಮಾತಿನಲ್ಲಿ ಬೈಗುಳ, ಮಾದಕ ವಸ್ತುವಿನ ಜೊತೆ ದುರ್ವ್ಯಸನ, ಮಕ್ಕಳು, ಮಹಿಳೆಯರ ವಿಷಯದಲ್ಲಿ ದೌರ್ಜನ್ಯ.

2. ಉಚ್ಚಾರ: ನಾಮಪದದ ಕೊನೆಗೆ ‘ಸ್’, ಕ್ರಿಯಾಪದದ ಕೊನೆಗೆ ‘ಝ್’.

3. ಪರೀಕ್ಷೆಗೆ ಹೆಚ್ಚು ಓದಬೇಕಾದದ್ದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಕಲಂ 3ರಲ್ಲಿ ನಾಲ್ಕು ಬಗೆಯ ದೌರ್ಜನ್ಯ:
• ದೈಹಿಕ
• ಲೈಂಗಿಕ
• ಮಾತಿನ ಮತ್ತು ಭಾವನಾತ್ಮಕ (ಮಗುವಾಗಲಿಲ್ಲ, ಗಂಡು ಹೆರಲಿಲ್ಲ ಎಂಬ ಹೀಯಾಳಿಕೆಯೂ ಇದರಲ್ಲೇ)
• ಆರ್ಥಿಕ (ಮನೆ ಖರ್ಚಿಗೆ ಹಣ ಕೊಡದಿರುವುದು, ಸ್ತ್ರೀಧನ ಮಾರುವುದು). ಹೊಡೆತವಿಲ್ಲದಿದ್ದರೂ ಇದು ಹಿಂಸೆಯೇ. ಹಲವರು ಬಿಟ್ಟುಬಿಡುವ ಉತ್ತರ ಇದು.

4. ಗೊಂದಲ ಬೇಡ: ಕಾಯ್ದೆಯ ವರ್ಷ 2005, ಜಾರಿ 2006ರ ಅಕ್ಟೋಬರ್ 26.

5. ಪತಿ ಅಥವಾ ಆತನ ಸಂಬಂಧಿಕರ ‘ಕ್ರೌರ್ಯ’ ಬೇರೆ ಅಪರಾಧ: ಹಿಂದೆ ಐಪಿಸಿ 498ಎ, ಈಗ ಭಾರತೀಯ ನ್ಯಾಯ ಸಂಹಿತೆ 85, 86.

6. ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ (ಪೋಕ್ಸೊ) ಕಾಯ್ದೆ 2012: 18 ವರ್ಷದೊಳಗಿನ ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಅನ್ವಯ.

7. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. ಪರೀಕ್ಷೆ ಮುಗಿದರೂ ಈ ಎರಡು ಸಂಖ್ಯೆ ನೆನಪಿರಲಿ.