ಹಿಮ ಸೀಳಿ ಬರುವ ಹೂವು

ಜಪಾನಿನ ನೀಗಾತ ಪ್ರಾಂತದಲ್ಲಿ ಚಳಿಗಾಲದಲ್ಲಿ ಹಿಮ ಬಹಳ. ಅದು ಕರಗುತ್ತಲೇ ಅರಳುವ ಚೋಟುದ್ದದ ಗಿಡ ಹೆಪಾಟಿಕ. ಅಲ್ಲಿಯವರು ಇದನ್ನು ‘ಯುಕಿವಾರಿಸೋ’, ಎಂದರೆ ಹಿಮ ಸೀಳುವ ಗಿಡ, ಎನ್ನುತ್ತಾರೆ.

ಹೊಸ ತಳಿ ಪಡೆಯುವ ಕ್ರಮ ಹೀಗೆ: ತಾಯಿಹೂವಿನ ಕೇಸರಗಳನ್ನು ಪರಾಗ ಉದುರುವ ಮೊದಲೇ ಚಿಮುಟದಿಂದ ತೆಗೆಯಬೇಕು, ಬಳಿಕ ಬೇರೆ ಬಣ್ಣದ ಹೂವಿನ ಪರಾಗವನ್ನು ಅದರ ಶಲಾಕೆಗೆ ಸವರಬೇಕು. ಬೀಜ ಹಸಿರಾಗಿರುವಾಗಲೇ ಉದುರುತ್ತದೆ. ಒಣಗಿಸಿಟ್ಟರೆ ಕೆಟ್ಟಿತು, ಕೂಡಲೇ ನೆರಳಿನಲ್ಲಿ, ನೀರು ನಿಲ್ಲದ ಮಣ್ಣಿನಲ್ಲಿ ಬಿತ್ತಬೇಕು. ಸಸಿ ಮೇಲೆ ಬರುವುದು ಒಂದು ಚಳಿಗಾಲ ಕಳೆದ ಮೇಲೆಯೇ. ಹೂವಿಗೆ ಮತ್ತೆ 3-4 ವರ್ಷ ಕಾಯಬೇಕು.

ಸುತ್ತುಮಲ್ಲಿಗೆಯಂತೆ ಎಸಳು ತುಂಬಿದ ತಳಿಗಳೂ ಉಂಟು. ಕೇಸರ, ಶಲಾಕೆ ಎರಡೂ ಎಸಳಾಗಿಬಿಟ್ಟ ಹೂವು ಬೀಜ ಕಟ್ಟದು. ಬುಡ ಸೀಳಿಯೇ ಹೆಚ್ಚಿಸಬೇಕು. ಒಬ್ಬನಲ್ಲೇ ಇದ್ದ ಬುಡ ಕೊಳೆತರೆ ಆ ತಳಿಯೇ ಅಳಿಯಿತು. ಆದುದರಿಂದ ಒಂದು ತುಂಡನ್ನು ಗೆಳೆಯನಿಗೆ ಕೊಟ್ಟಿರುವುದೇ ಜಾಣತನ.