ಕಾಫಿಯ ಧಾರಣೆ, ಸರ್ಕಾರದ ಸಹಾಯ ಮತ್ತು ಹೊರದೇಶಗಳ ಪೇಟೆ

ಮಲೆನಾಡಿನ ಗ್ರಾಮಗಳಲ್ಲಿ ಕಾಫಿಯ ಧಾರಣೆಯು ಏರಿದರೆ ಅದು ಅದೃಷ್ಟವೆಂದೂ, ಇಳಿದರೆ ವರ್ತಕರ ಕೈವಾಡವೆಂದೂ ಅಥವಾ ಸರ್ಕಾರದವರ ಔದಾಸೀನ್ಯವೆಂದೂ ಹೇಳುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿರುವುದು. ವರ್ತಕರಲ್ಲಿ ತೂಕದಲ್ಲಿಯೂ ತೇವದ ಲೆಕ್ಕದಲ್ಲಿಯೂ ಅನ್ಯಾಯ ಮಾಡತಕ್ಕವರು ಇಲ್ಲವೆಂದಲ್ಲ. ಆದರೆ ಧಾರಣೆಯ ಮೂಲವು ಹತ್ತಿರದ ಪೇಟೆಯಲ್ಲಿಲ್ಲ. ಅದು ಬ್ರೆಜಿಲ್ ದೇಶದ ಮಂಜಿನಲ್ಲಿಯೂ, ವಿಯೆಟ್ನಾಂ ದೇಶದ ಮಳೆಯಲ್ಲಿಯೂ, ಲಂಡನ್ ಮತ್ತು ನ್ಯೂಯಾರ್ಕ್ ನಗರಗಳ ವಾಯಿದೆ ಪೇಟೆಗಳಲ್ಲಿಯೂ ಇರುವುದು. ಇಂಡಿಯಾ ದೇಶದ ಕಾಫಿಯಲ್ಲಿ ಹತ್ತರಲ್ಲಿ ಏಳು ಪಾಲು ಕರ್ನಾಟಕದ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿಯೇ ಬೆಳೆಯುವುದಾದರೂ, ಲೋಕದ ಒಟ್ಟು ಬೆಳೆಯಲ್ಲಿ ಇಂಡಿಯಾದ ಪಾಲು ನೂರಕ್ಕೆ ಮೂರೂವರೆಯ ಸುಮಾರು ಮಾತ್ರ. ಬೆಳೆದುದರಲ್ಲಿ ಹೆಚ್ಚಿನ ಭಾಗವು ಹಡಗನ್ನೇರಿ ಹೊರಗೆ ಹೋಗುತ್ತದೆ. ಅಲ್ಪಪಾಲಿನವನು ದೊಡ್ಡ ಸಂತೆಯಲ್ಲಿ ಬೆಲೆಯನ್ನು ಕಟ್ಟಲಾರನು. ಕಟ್ಟಿದ ಬೆಲೆಯನ್ನು ಅರಿತು ನಡೆದುಕೊಳ್ಳಬಲ್ಲನು. ಹೀಗಿರುವಲ್ಲಿ ಸರ್ಕಾರದ ಸಹಾಯವು ಹಿಂದೆ ಯಾವ ರೂಪದಲ್ಲಿತ್ತು, ಅದು ಏಕೆ ಬದಲಾಯಿತು, ಈಗ ಅದರಿಂದ ಯಾವುದನ್ನು ಅಪೇಕ್ಷಿಸಬಹುದು ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದುಕೊಳ್ಳುವುದು ಅವಶ್ಯಕವಾಗಿದೆ.

ಹೊರಗಿನ ಪೆಟ್ಟು ಈ ಬೆಳೆಗೆ ಹೊಸದಲ್ಲ. 1869ನೆಯ ಇಸವಿಯಲ್ಲಿ ಸಿಂಹಳದ್ವೀಪದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗವು ಅಲ್ಲಿನ ಕಾಫಿ ಸಾಗುವಳಿಯನ್ನೇ ನಿರ್ಮೂಲ ಮಾಡಿ ಆ ದ್ವೀಪವನ್ನು ಚಹಾ ತೋಟಗಳಿಗೆ ತಿರುಗಿಸಿತು. ಅದೇ ರೋಗವು ಮೈಸೂರು ಮತ್ತು ಕೊಡಗಿನ ತೋಟಗಳಿಗೂ ಬಂದಿತು. ಕಾಂಡಕೊರಕ ಹುಳುವು ಅದಕ್ಕೆ ಜೊತೆಗೂಡಿತು. ಆದರೂ ಇಲ್ಲಿ ಕಾಫಿಯು ಉಳಿದುದಕ್ಕೆ ಮರಗಳ ನೆರಳಿನ ಸಾಗುವಳಿಯೂ ರೋಗವನ್ನು ತಡೆಯತಕ್ಕ ತಳಿಗಳೂ ಕಾರಣವಾದುವು. 1925ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರ ಕಾಲದಲ್ಲಿ ಬಾಳೆಹೊನ್ನೂರಿನ ಬಳಿಯಲ್ಲಿ ಕಾಫಿ ಪ್ರಯೋಗಕ್ಷೇತ್ರವು ಸ್ಥಾಪಿತವಾಯಿತು. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್. 795 ಎಂಬ ಅರೇಬಿಕಾ ತಳಿಯು ಇಂದಿಗೂ ಬಹುಮಂದಿ ಬೆಳೆಗಾರರ ತೋಟಗಳಲ್ಲಿ ನಿಂತಿದೆ. ಸರ್ಕಾರವು ಕಾಫಿಗಾಗಿ ಮಾಡಿದ ವೆಚ್ಚಗಳಲ್ಲಿ ಇದಕ್ಕಿಂತ ಹೆಚ್ಚಿನ ಪ್ರತಿಫಲವನ್ನು ಕೊಟ್ಟುದು ಬೇರೊಂದಿಲ್ಲವೆಂದು ಹೇಳಬಹುದು.

ಧಾರಣೆಯ ವಿಷಯದಲ್ಲಿ ಸರ್ಕಾರವು ಕೈಹಾಕಿದುದು 1930ರ ನಂತರದ ಮಹಾ ಮುಗ್ಗಟ್ಟಿನ ಕಾಲದಲ್ಲಿ. ಆಗ ಲೋಕದಲ್ಲಿ ಕಾಫಿಯು ಎಷ್ಟು ಮಿಗುವರಿಯಾಯಿತೆಂದರೆ, ಬ್ರೆಜಿಲ್ ಸರ್ಕಾರವು 1931ರಿಂದ 1944ರವರೆಗೆ ಸುಮಾರು 7 ಕೋಟಿ 80 ಲಕ್ಷ ಮೂಟೆ ಕಾಫಿಯನ್ನು ಸುಟ್ಟೂ ಸಮುದ್ರಕ್ಕೆ ಸುರಿದೂ ನಾಶಪಡಿಸಿತು. ಇಂಡಿಯಾದಲ್ಲಿ 1935ರ ಕಾನೂನಿನಂತೆ ರಫ್ತಾಗುವ ಕಾಫಿಯ ಮೇಲೆ ಒಂದು ಸೆಸ್ಸನ್ನು ವಿಧಿಸಿ, ಆ ಮೊಬಲಗಿನಿಂದ ಸ್ವದೇಶದಲ್ಲಿ ಕಾಫಿ ಕುಡಿಯುವವರನ್ನು ಹೆಚ್ಚಿಸಲು ಒಂದು ಸಮಿತಿಯು ಏರ್ಪಟ್ಟಿತು. ನಗರಗಳಲ್ಲಿ ಹೆಸರಾದ ಇಂಡಿಯಾ ಕಾಫಿ ಹೌಸುಗಳು ಹುಟ್ಟಿದುದು ಈ ಪ್ರಯತ್ನದಿಂದಲೇ. ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ಬಂದು ಯೂರೋಪಿನ ಬಂದರುಗಳು ಮುಚ್ಚಿಹೋದುವು. ಬೆಳೆದ ಮಾಲು ಗೋದಾಮುಗಳಲ್ಲಿ ರಾಶಿಬಿದ್ದಿತು. 1940ರಲ್ಲಿ ಮೊದಲು ತುರ್ತು ಶಾಸನದ ಮೂಲಕವೂ, 1942ರಲ್ಲಿ ಪೂರ್ಣ ಕಾನೂನಿನ ಮೂಲಕವೂ ಕಾಫಿಯ ಮಾರಾಟವು ಒಂದು ಮಂಡಳಿಯ ವಶಕ್ಕೆ ಬಂದಿತು. ಬೆಂಗಳೂರಿನಲ್ಲಿರುವ ಕಾಫಿ ಮಂಡಳಿಯು ಇದೇ.

ಆ ಏರ್ಪಾಡಿಗೆ ಪೂಲ್ ಎಂದು ಹೆಸರು. ಅದರ ಕ್ರಮವನ್ನು ಹಿರಿಯ ಬೆಳೆಗಾರರು ಚೆನ್ನಾಗಿ ಬಲ್ಲರು; ಕಿರಿಯರು ತಿಳಿಯತಕ್ಕದ್ದಿದೆ. ಬೆಳೆಗಾರನು ಮನೆಬಳಕೆಗೂ ಬಿತ್ತನೆಗೂ ಬೇಕಾದಷ್ಟನ್ನು ಬಿಟ್ಟು ಮಿಕ್ಕುದನ್ನೆಲ್ಲಾ ಮಂಡಳಿಯು ಒಪ್ಪಿದ ಕ್ಯೂರಿಂಗ್ ವರ್ಕ್ಸಿಗೆ ಒಪ್ಪಿಸಬೇಕಾಗಿತ್ತು. ಎಲ್ಲರ ಮಾಲೂ ಸೇರಿ ಒಂದೇ ರಾಶಿಯಾಗುತ್ತಿತ್ತು. ಜಾತಿ ಮತ್ತು ದರ್ಜೆಗಳಿಗೆ ತಕ್ಕಂತೆ ಪ್ರತಿಯೊಬ್ಬನ ಕಾಫಿಗೂ ಅಂಕಗಳನ್ನು ಗೊತ್ತುಮಾಡಿ, ಮೊದಲು ಒಂದು ಮುಂಗಡವನ್ನೂ, ಮಾಲು ಹರಾಜಿನಲ್ಲಿ ಮಾರಿದಂತೆಲ್ಲಾ ಮುಂದಿನ ಕಂತುಗಳನ್ನೂ ಕೊಡುತ್ತಿದ್ದರು. ಯುದ್ಧಕಾಲದಲ್ಲಿ ಈ ಏರ್ಪಾಡು ಇಲ್ಲದಿದ್ದರೆ ಅನೇಕ ತೋಟಗಳು ಪಾಳುಬೀಳುತ್ತಿದ್ದುವೆಂಬುದರಲ್ಲಿ ಸಂದೇಹವಿಲ್ಲ. ಸಾಹುಕಾರನಿಗೆ ಹೂವಿನ ಕಾಲದಲ್ಲಿಯೇ ಬೆಳೆಯನ್ನು ಬರೆದುಕೊಡುತ್ತಿದ್ದ ಸಣ್ಣ ಹಿಡುವಳಿದಾರನಿಗೆ ಮಾಲನ್ನು ಕೊಳ್ಳತಕ್ಕ ಒಬ್ಬ ನಂಬಿಕೆಯ ಯಜಮಾನನು ದೊರೆತಂತಾಯಿತು.

ಆದರೆ ಪೂಲಿನಲ್ಲಿ ಎರಡು ದೋಷಗಳಿದ್ದುವು. ಕಡೆಯ ಕಂತು ಕೈಸೇರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿದ್ದುದುಂಟು. ಅಷ್ಟರಲ್ಲಿ ಮುಂದಿನ ವರ್ಷದ ಗೊಬ್ಬರಕ್ಕೂ ಕೂಲಿಗೂ ಸಾಲವನ್ನು ಮಾಡಬೇಕಾಗುತ್ತಿತ್ತು. ಎರಡನೆಯದು ಇನ್ನೂ ದೊಡ್ಡದು. ಕಳಿತ ಹಣ್ಣನ್ನೇ ಆರಿಸಿ ಕೊಯ್ದು ಜೋಪಾನವಾಗಿ ಒಣಗಿಸಿದವನ ಕಾಫಿಯೂ, ಹಸುರು ಹಣ್ಣುಗಳನ್ನು ಸವರಿ ತಂದವನ ಕಾಫಿಯೂ ಒಂದೇ ರಾಶಿಗೆ ಬೀಳುತ್ತಿದ್ದುದರಿಂದ, ಅಂಕಗಳ ಅಲ್ಪಸ್ವಲ್ಪ ವ್ಯತ್ಯಾಸವನ್ನು ಬಿಟ್ಟರೆ ಶ್ರಮಪಟ್ಟವನಿಗೆ ಪ್ರತ್ಯೇಕ ಹೆಸರೂ ಇಲ್ಲ, ತಕ್ಕ ಬೆಲೆಯೂ ಇಲ್ಲ. ಕೊಳ್ಳುವವನಿಗೆ ತೋಟವು ಯಾವುದೆಂದು ತಿಳಿಯುತ್ತಿರಲಿಲ್ಲ. ರಕ್ಷಣೆಯು ದೀರ್ಘಕಾಲ ನಿಂತರೆ ಗುಣವು ಕುಂದುವುದೆಂಬುದಕ್ಕೆ ಇದೊಂದು ನಿದರ್ಶನ.

ಈ ಏರ್ಪಾಡು ಐವತ್ತು ವರ್ಷಗಳವರೆಗೆ ನಿಂತುದಕ್ಕೆ ಹೊರಗಿನ ಎರಡು ಆಸರೆಗಳಿದ್ದುವು. 1962ರಲ್ಲಿ ಆದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಂತೆ ಒಂದೊಂದು ದೇಶವು ಇಷ್ಟಿಷ್ಟೇ ಕಾಫಿಯನ್ನು ಕಳುಹಿಸಬೇಕೆಂಬ ಪಾಲು ಗೊತ್ತಾಗಿ, ಧಾರಣೆಯು ಅತಿಯಾಗಿ ಕುಸಿಯದಂತೆ ತಡೆಯುಂಟಾಯಿತು. ಸೋವಿಯತ್ ರಷ್ಯವು ರೂಪಾಯಿ ವ್ಯಾಪಾರದ ಕರಾರಿನಂತೆ ಇಂಡಿಯಾದಿಂದ ಹೇರಳವಾಗಿ ಕೊಳ್ಳುತ್ತಿದ್ದಿತು. 1989ನೆಯ ಜುಲೈ ತಿಂಗಳಲ್ಲಿ ಪಾಲಿನ ಕಟ್ಟುಪಾಡು ಮುರಿದುಬಿದ್ದಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಎರಡು ಊರುಗೋಲುಗಳೂ ಎರಡೂವರೆ ವರ್ಷದೊಳಗೆ ಜಾರಿದ ಮೇಲೆ ಪೂಲ್ ನಿಲ್ಲುವಂತಿರಲಿಲ್ಲ. 1992ರಿಂದ ಬೆಳೆಗಾರರಿಗೆ ತಮ್ಮ ಮಾಲಿನ ಒಂದು ಭಾಗವನ್ನು ಸ್ವಂತವಾಗಿ ಮಾರುವ ಅಧಿಕಾರವು ಹಂತಹಂತವಾಗಿ ದೊರೆತು, 1996ರಲ್ಲಿ ಎಲ್ಲರಿಗೂ ಪೂರ್ಣ ಸ್ವಾತಂತ್ರ್ಯವು ಬಂದಿತು.

ಸ್ವಾತಂತ್ರ್ಯದ ಮೊದಲ ವರ್ಷಗಳು ಸುಖದವಾಗಿದ್ದುದು ಒಂದು ಬಗೆಯಲ್ಲಿ ದುರದೃಷ್ಟವೇ ಸರಿ. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಬಿದ್ದ ಮಂಜಿನಿಂದ ಅಲ್ಲಿನ ಗಿಡಗಳು ಕರಕಾಗಿ ಲೋಕದ ಧಾರಣೆಯು ಇಮ್ಮಡಿಗೂ ಮೀರಿ ಏರಿತು. ಇಲ್ಲಿ ಅನೇಕರು ಅದನ್ನು ಮುಕ್ತ ಮಾರಾಟದ ಫಲವೆಂದೇ ಭಾವಿಸಿ, ಸಾಲ ಮಾಡಿ ತೋಟಗಳನ್ನು ಕೊಂಡರು, ಮನೆಗಳನ್ನು ಕಟ್ಟಿಸಿದರು. ಇದೇ ವೇಳೆಯಲ್ಲಿ ವಿಯೆಟ್ನಾಂ ದೇಶವು ತನ್ನ ಮಧ್ಯದ ಎತ್ತರದ ಸೀಮೆಯಲ್ಲಿ ರೊಬಸ್ಟಾ ಗಿಡಗಳನ್ನು ನೆಡುತ್ತಲಿದ್ದು, ಶತಮಾನದ ಕೊನೆಗೆ ಕೊಲಂಬಿಯಾವನ್ನು ಹಿಂದಿಟ್ಟು ಲೋಕದಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತು. 2001ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯವರ ಸರಾಸರಿ ಧಾರಣೆಯು ಪೌಂಡಿಗೆ 46 ಸೆಂಟಿಗೂ ಕೆಳಗಿಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲಿಯೇ ಬಿಟ್ಟವರುಂಟು. ಸರ್ಕಾರವು ಸಾಲದ ಅವಧಿಯನ್ನು ಮುಂದೂಡಿತು, 2010ರಲ್ಲಿ ಸಣ್ಣ ಬೆಳೆಗಾರರಿಗೆ ಸಾಲಪರಿಹಾರದ ಯೋಜನೆಯನ್ನೂ ತಂದಿತು. ಆದರೆ ಪರಿಹಾರವು ಬರುವ ವೇಳೆಗೆ ಕೆಲವರ ತೋಟಗಳು ಕೈಬದಲಾಗಿದ್ದುವು. ಆ ಸಂಕಟದಲ್ಲಿ ಹಾಲುವಾಣ ಮತ್ತು ಸಿಲ್ವರ್ ಮರಗಳಿಗೆ ಹಬ್ಬಿಸಿದ್ದ ಮೆಣಸಿನ ಬಳ್ಳಿಗಳೇ ಎಷ್ಟೋ ಮನೆಗಳನ್ನು ಕಾಪಾಡಿದುವು.

ಮುಂದೆಯೂ ಇದೇ ಆಟವು ನಡೆಯಿತು. 2021ರ ಜುಲೈನಲ್ಲಿ ಬ್ರೆಜಿಲಿನಲ್ಲಿ ಮತ್ತೆ ಮಂಜು; ಬಳಿಕ ವಿಯೆಟ್ನಾಮಿನಲ್ಲಿ ಅನಾವೃಷ್ಟಿ. 2024ರಲ್ಲಿ ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರನ್ನು ದಾಟಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರನ್ನು ಮೀರಿತು. ಇಷ್ಟು ಎತ್ತರವನ್ನು ಅದಕ್ಕೆ ಮೊದಲು ಕಂಡುದಿರಲಿಲ್ಲ.

ಈ ಸಂಖ್ಯೆಗಳನ್ನು ತೋಟದ ಲೆಕ್ಕಕ್ಕೆ ಇಳಿಸುವುದನ್ನು ಪ್ರತಿಯೊಬ್ಬ ಬೆಳೆಗಾರನೂ ಕಲಿಯತಕ್ಕದ್ದು. ಉದಾಹರಣೆಗಾಗಿ ಮಾತ್ರ, ಲಂಡನ್ ಧಾರಣೆಯು ಟನ್ನಿಗೆ 4,000 ಡಾಲರೆಂದೂ, ಡಾಲರಿಗೆ 85 ರೂಪಾಯಿಯೆಂದೂ ಇಟ್ಟುಕೊಳ್ಳೋಣ. ಆಗ ಒಂದು ಕಿಲೋ ಶುದ್ಧ ಬೀಜಕ್ಕೆ 4 ಡಾಲರ್, ಎಂದರೆ 340 ರೂಪಾಯಿ ಆಗುತ್ತದೆ. 50 ಕಿಲೋವಿನ ರೊಬಸ್ಟಾ ಚೆರಿ ಮೂಟೆಯಲ್ಲಿ 26 ಕಿಲೋ ಬೀಜವು ಹೊರಟರೆ ಮೂಟೆಯ ಬೆಲೆಯು 8,840 ರೂಪಾಯಿ. ಇದರಲ್ಲಿ ಕ್ಯೂರಿಂಗ್ ಖರ್ಚು, ಸಾಗಾಣಿಕೆ ಮತ್ತು ವರ್ತಕನ ಲಾಭವನ್ನು ಕಳೆಯಬೇಕು. ಇಂಡಿಯಾದ ಒಳ್ಳೆಯ ರೊಬಸ್ಟಾಕ್ಕೆ ಹೊರಗೆ ದೊರೆಯುವ ಹೆಚ್ಚುವರಿ ಬೆಲೆಯನ್ನು ಕೂಡಬೇಕು. ಬೀಜವು 26ಕ್ಕೆ ಬದಲಾಗಿ 24 ಕಿಲೋ ಮಾತ್ರ ಹೊರಟರೆ ಮೂಟೆಗೆ 680 ರೂಪಾಯಿ ನಷ್ಟ. ಡಾಲರು 90 ರೂಪಾಯಿಗೆ ಏರಿದರೆ, ಲಂಡನ್ ಧಾರಣೆಯು ಕದಲದಿದ್ದರೂ ಮೂಟೆಗೆ 520 ರೂಪಾಯಿ ಲಾಭ. ಅರೇಬಿಕಾದ ಲೆಕ್ಕವು ಪೌಂಡಿನಲ್ಲಿ ಬರುವುದು. ಒಂದು ಕಿಲೋ ಎಂದರೆ 2.2046 ಪೌಂಡು. ಪೌಂಡಿಗೆ 3 ಡಾಲರಾದರೆ ಕಿಲೋವಿಗೆ ಸುಮಾರು 562 ರೂಪಾಯಿ. 50 ಕಿಲೋ ಪಾರ್ಚ್‌ಮೆಂಟಿನಲ್ಲಿ 40 ಕಿಲೋ ಬೀಜವೆಂದು ಹಿಡಿದರೆ 22,480 ರೂಪಾಯಿ. ಈ ಲೆಕ್ಕವನ್ನು ಬಲ್ಲವನು ಮನೆಯ ಬಾಗಿಲಿಗೆ ಬಂದ ವರ್ತಕನು ಹೇಳುವ ಬೆಲೆಯಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂಬುದನ್ನು ಆ ಕ್ಷಣವೇ ತೂಗಬಲ್ಲನು. ವಾಯಿದೆ ಪೇಟೆಯ ಧಾರಣೆಯು ಈಗ ಕೈಯಲ್ಲಿರುವ ದೂರವಾಣಿಯಲ್ಲಿಯೇ ದೊರೆಯುವುದರಿಂದ ಅಜ್ಞಾನಕ್ಕೆ ನೆಪವಿಲ್ಲ.

ಇಂದಿನ ಸರ್ಕಾರದ ಸಹಾಯವು ಧಾರಣೆಯನ್ನು ಕಟ್ಟುವುದರಲ್ಲಿ ಇಲ್ಲ. ಗಿಡಗಳನ್ನು ಹೊಸದಾಗಿ ನೆಡುವುದಕ್ಕೂ, ನೀರಿನ ಹೊಂಡಗಳಿಗೂ, ಒಣಗಿಸುವ ಕಣಗಳಿಗೂ, ಯಂತ್ರಗಳಿಗೂ ಮಂಡಳಿಯ ಸಹಾಯಧನವು ಆಯಾ ಕಾಲದ ಯೋಜನೆಯಂತೆ ದೊರೆಯುತ್ತ ಬಂದಿದೆ. 2019ರಲ್ಲಿ ಕೊಡಗಿನ ಅರೇಬಿಕಾ, ಚಿಕ್ಕಮಗಳೂರಿನ ಅರೇಬಿಕಾ, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯು ಬಂದಿತು. ಪೂಲಿನಲ್ಲಿ ಅಳಿಸಿಹೋಗಿದ್ದ ಊರಿನ ಹೆಸರು ಹೀಗೆ ಮಾಲಿಗೆ ಮರಳಿ ಸೇರಿದೆ. ಆದರೆ ಹೆಸರಿಗೆ ತಕ್ಕ ಮಾಲನ್ನು ಬೇರೆಯಾಗಿಟ್ಟು ಮಾರತಕ್ಕ ಸಂಘಗಳು ಬೆಳೆಗಾರರಲ್ಲಿ ಇನ್ನೂ ವಿರಳ. ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚು ಮಂದಿ 25 ಎಕರೆಗೆ ಕಡಮೆಯ ಹಿಡುವಳಿಯವರಾಗಿರುವಾಗ, ಒಬ್ಬೊಬ್ಬನ ಹತ್ತು ಮೂಟೆಗೆ ಇಟಲಿ ದೇಶದ ಹುರಿಯುವವನು ಬಾಗಿಲಿಗೆ ಬರುವುದಿಲ್ಲ.

ಈಗ ತಲೆದೋರಿರುವ ಹೊಸ ವಿಷಯವು ಧಾರಣೆಗಿಂತಲೂ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. ಇಂಡಿಯಾದ ಕಾಫಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೊಳ್ಳುವ ಯೂರೋಪಿನ ಒಕ್ಕೂಟದವರು 2023ರಲ್ಲಿ ಒಂದು ಶಾಸನವನ್ನು ಮಾಡಿರುತ್ತಾರೆ. 2020ನೆಯ ಡಿಸೆಂಬರ್ 31ರ ನಂತರ ಕಾಡನ್ನು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ತಮ್ಮ ದೇಶಗಳೊಳಗೆ ಬಿಡುವುದಿಲ್ಲವೆಂಬುದು ಅದರ ತಿರುಳು. ಅದು ಆಚರಣೆಗೆ ಬರುವ ದಿನವು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದ್ದರೂ, ಕೊಳ್ಳುವವರು ಅದಕ್ಕಾಗಿ ಸಿದ್ಧರಾಗುತ್ತಿದ್ದಾರೆ. ಮಾಲು ಬೆಳೆದ ತೋಟವು ಭೂಮಿಯ ಮೇಲೆ ಎಲ್ಲಿದೆಯೆಂಬುದನ್ನು ಅಕ್ಷಾಂಶ ರೇಖಾಂಶಗಳಿಂದ ತೋರಿಸಬೇಕು. ನಾಲ್ಕು ಹೆಕ್ಟೇರಿಗೆ, ಎಂದರೆ ಸುಮಾರು ಹತ್ತು ಎಕರೆಗೆ, ಮೇಲ್ಪಟ್ಟ ತುಂಡುಗಳಿಗೆ ಎಲ್ಲೆಯ ಸುತ್ತಲ ಗೆರೆಯನ್ನೇ ಕೊಡಬೇಕು. ಮಾಲು ದೇಶದ ಕಾನೂನಿಗೆ ಅನುಗುಣವಾಗಿ ಬೆಳೆದುದೆಂಬುದಕ್ಕೂ ಆಧಾರವು ಬೇಕು. ಮರಗಳ ನೆರಳಿನಲ್ಲಿ ತಲೆಮಾರುಗಳಿಂದ ಕಾಫಿಯನ್ನು ಬೆಳೆಯುತ್ತಿರುವ ಮಲೆನಾಡಿಗೆ ಈ ಶಾಸನವು ಶಿಕ್ಷೆಯಾಗಬೇಕಾದುದಿಲ್ಲ. ಬಯಲಿನಲ್ಲಿ ಕಾಡು ಸವರಿ ಬೆಳೆಯುವ ದೇಶಗಳಿಗಿಂತ ಇಲ್ಲಿನವರಿಗೆ ಮೇಲುಗೈಯೇ ಆಗಬಹುದು. ಆದರೆ ಮೇಲುಗೈಯು ಕಾಗದದ ಮೇಲೆ ತೋರಬೇಕು.

ತೊಡಕು ಇರುವುದು ಅಲ್ಲಿಯೇ. ಅನೇಕ ಗ್ರಾಮಗಳಲ್ಲಿ ಪಹಣಿಯು ತೀರಿಹೋದ ತಂದೆತಾತಂದಿರ ಹೆಸರಿನಲ್ಲಿಯೇ ಇರುವುದು. ಕೊಡಗಿನ ಜಮ್ಮಾ ಭೂಮಿಗಳಲ್ಲಿ ಒಕ್ಕದ ಹಿರಿಯರ ಹೆಸರುಗಳು ಸೇರಿರುವುವು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ತೋಟಕ್ಕೆ ಪೋಡಿಯಾಗಿಲ್ಲ. ಸಾಗುವಳಿಯವನು ಒಬ್ಬ, ದಾಖಲೆಯವನು ಇನ್ನೊಬ್ಬ ಆಗಿರುವಲ್ಲಿ ಸಹಾಯಧನವೂ ಬಾರದು, ಹೊರದೇಶದ ಕೊಳ್ಳುವವನಿಗೆ ಬೇಕಾದ ಆಧಾರವೂ ಹುಟ್ಟದು. ಅಂಥ ಮಾಲನ್ನು ವರ್ತಕನು ಕಡಮೆ ಬೆಲೆಗೆ ಕೇಳಿದರೆ ಆಶ್ಚರ್ಯವಿಲ್ಲ. ಸಂಸಾರಗಳೊಳಗಿನ ಈ ಗಂಟನ್ನು ಬಿಡಿಸಲು ಅಧಿಕಾರಿಗಳಿಗಿಂತ ಊರಿನ ಹಿರಿಯರೇ ಸಮರ್ಥರು. ಗ್ರಾಮದ ಮುಖಂಡರು ಖಾತೆ ಬದಲಾವಣೆಯ ಮತ್ತು ಪೋಡಿಯ ಅರ್ಜಿಗಳನ್ನು ಒಟ್ಟಾಗಿ ಬರೆಸಿ ತಾಲ್ಲೂಕು ಕಚೇರಿಗೆ ಸಲ್ಲಿಸುವುದೂ, ಮಂಡಳಿಯ ಸಮೀಪದ ಕಚೇರಿಯಲ್ಲಿ ತೋಟಗಳ ನೋಂದಣಿಯನ್ನು ಮಾಡಿಸುವುದೂ ಯುಕ್ತ.

ಅರೇಬಿಕಾ ಕೊಯ್ಲು ನವೆಂಬರ್ ತಿಂಗಳಲ್ಲಿ ಮೊದಲಾಗುವುದು. ಈ ಕಾಗದಪತ್ರದ ಕೆಲಸವನ್ನು ಮಳೆಗಾಲದಲ್ಲಿಯೇ ಮುಗಿಸಿಕೊಳ್ಳತಕ್ಕದ್ದು. ಕೊಯ್ಲು ಬಂದಾಗ ಪಾರ್ಚ್‌ಮೆಂಟನ್ನು ನೂರಕ್ಕೆ 10ರ ತೇವಕ್ಕೂ, ಅರೇಬಿಕಾ ಚೆರಿಯನ್ನು ಹತ್ತೂವರೆಗೂ, ರೊಬಸ್ಟಾ ಚೆರಿಯನ್ನು 11ಕ್ಕೂ ಇಳಿಸಿ, ತೇವದ ಮಾಪಕದಿಂದ ತೋಟದಲ್ಲಿಯೇ ಪರೀಕ್ಷಿಸಿ, ಮೂಟೆಗಳನ್ನು ಗೋಡೆಗೆ ತಾಗದಂತೆ ಹಲಗೆಗಳ ಮೇಲೆ ಒಟ್ಟಿಡತಕ್ಕದ್ದು. ಮಾಪಕವು ಒಬ್ಬೊಬ್ಬರಿಗೆ ಭಾರವೆನಿಸಿದರೆ ನಾಲ್ಕಾರು ಮನೆಯವರು ಕೂಡಿ ಒಂದನ್ನು ತರಿಸಬಹುದು.